ಆಲ್ಪ್ಸ್‌ನಲ್ಲಿ ನಾಲ್ಕೈದು ದಿನ: ಮೊದಲು ನೆಲೆ, ಆಮೇಲೆ ರೈಲು ಪಾಸ್

ಸ್ವಿಟ್ಜರ್‌ಲೆಂಡಿಗೆ ಹೊರಡುವ ಬಹುತೇಕರು ವಿಮಾನದ ಟಿಕೆಟ್ ಆದ ಕೂಡಲೇ ಹುಡುಕಲು ತೊಡಗುವುದು ರೈಲು ಪಾಸನ್ನು. ಯಾವ ಪಾಸ್ ಕೊಂಡರೆ ಎಲ್ಲವೂ ಅದರಲ್ಲೇ ಸೇರುತ್ತದೆ ಎಂದು ವಿಚಾರಿಸಿ, ಒಂದನ್ನು ಕೊಂಡು, ಕೊಟ್ಟ ಹಣ ವಸೂಲಾಗಬೇಕೆಂಬ ಹಟದಲ್ಲಿ ದಿನಕ್ಕೊಂದು ಊರು ಸುತ್ತುವ ಕಾರ್ಯಕ್ರಮವನ್ನು ಹೆಣೆಯುತ್ತಾರೆ. ಎರಡು ವಾರಗಳ ಪ್ರವಾಸಕ್ಕೆ ಇದು ಹೇಗೋ ಹೊಂದೀತು. ನಾಲ್ಕೈದು ದಿನಗಳ ಪ್ರವಾಸದಲ್ಲಿ ಮಾತ್ರ ಹಣ ಮತ್ತು ಸಮಯ ಎರಡೂ ಹಾಳಾಗುವುದು ಇಲ್ಲಿಯೇ. ಮೊದಲು ತಂಗುವ ಊರು ನಿಶ್ಚಯವಾಗಬೇಕು, ಅಲ್ಲಿಂದ ಎಲ್ಲೆಲ್ಲಿಗೆ ಹೋಗುವಿರೆಂಬ ಪಟ್ಟಿ ತಯಾರಾಗಬೇಕು, ಆ ಪಟ್ಟಿಗೆ ತಗಲುವ ದರಗಳನ್ನು ಕೂಡಿಸಿ ನೋಡಬೇಕು. ಪಾಸಿನ ಪ್ರಶ್ನೆ ಬರುವುದು ಅದಾದ ಮೇಲೆ.

ಉದಾಹರಣೆಗಾಗಿ ನಮ್ಮವರು ಅತಿ ಹೆಚ್ಚಾಗಿ ಹೋಗುವ ಬರ್ನೀಸ್ ಓಬರ್‌ಲ್ಯಾಂಡ್ ಪ್ರದೇಶವನ್ನು, ಅಂದರೆ ಇಂಟರ್‌ಲಾಕೆನ್ ಹಾಗೂ ಅದರ ಹಿಂದಿನ ಕಣಿವೆಗಳನ್ನು ತೆಗೆದುಕೊಂಡಿದ್ದೇನೆ. ಇಲ್ಲಿ ಹೇಳಿರುವ ಪಾಸುಗಳ ಬೆಲೆ 2025ರ ಎರಡನೇ ದರ್ಜೆಯ ವಯಸ್ಕರ ದರ, ಸ್ವಿಸ್ ಫ್ರಾಂಕ್‌ಗಳಲ್ಲಿ. ಬೆಲೆಗಳು ವರ್ಷಕ್ಕೊಮ್ಮೆ ಬದಲಾಗುವುದುಂಟು, ಆದ್ದರಿಂದ ಅಂಕಿಗಳಿಗಿಂತ ಲೆಕ್ಕದ ಕ್ರಮವನ್ನು ಗಮನಿಸುವುದು ಒಳ್ಳೆಯದು.

ಮೊದಲ ಹೆಜ್ಜೆ: ಒಂದೇ ಪ್ರದೇಶವನ್ನು ಆರಿಸಿಕೊಳ್ಳಿ

ಭೂಪಟದಲ್ಲಿ ಸ್ವಿಟ್ಜರ್‌ಲೆಂಡ್ ಚಿಕ್ಕ ದೇಶ. ಲುಸೆರ್ನ್, ಇಂಟರ್‌ಲಾಕೆನ್, ಝೆರ್ಮಾಟ್, ಸೇಂಟ್ ಮೊರಿಟ್ಜ್ ನಾಲ್ಕನ್ನೂ ಐದು ದಿನಗಳಲ್ಲಿ ಮುಗಿಸಬಹುದೆಂದು ಆ ಭೂಪಟ ನೋಡಿದವರಿಗೆ ಅನ್ನಿಸುವುದು ಸಹಜ. ಆದರೆ ಊರು ಬದಲಾಯಿಸುವ ಪ್ರತಿ ದಿನವೂ ಕೋಣೆ ಬಿಡುವುದು, ಸಾಮಾನು ಎಳೆಯುವುದು, ಹೊಸ ಕೋಣೆ ಸಿಗುವ ಮಧ್ಯಾಹ್ನದ ತನಕ ಕಾಯುವುದು ಇವುಗಳಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಝೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ ಹೋಗುವ ಹೆಸರಾಂತ ಗ್ಲೇಸಿಯರ್ ಎಕ್ಸ್‌ಪ್ರೆಸ್ ರೈಲು 291 ಕಿಲೋಮೀಟರ್ ಕ್ರಮಿಸಲು ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಕುಳಿತರೆ ಒಂದು ಇಡೀ ದಿನ ಆ ರೈಲಿಗೇ ಮೀಸಲು.

ಇದಕ್ಕಿಂತ ಮುಖ್ಯವಾದ ಕಾರಣ ಮೋಡ. ಆಲ್ಪ್ಸ್‌ನಲ್ಲಿ ಬೇಸಿಗೆಯಲ್ಲೂ ಒಂದೆರಡು ದಿನ ಶಿಖರಗಳು ಸಂಪೂರ್ಣ ಮುಚ್ಚಿಹೋಗುವುದು ಸಾಮಾನ್ಯ. ನಾಲ್ಕು ರಾತ್ರಿಯೂ ಒಂದೇ ಊರಿನಲ್ಲಿ ಇರುವವರು ತಿಳಿ ಆಕಾಶದ ದಿನವನ್ನು ಎತ್ತರದ ಶಿಖರಕ್ಕೂ ಮಳೆಯ ದಿನವನ್ನು ಸರೋವರದ ದೋಣಿಗೋ ಬರ್ನ್ ನಗರಕ್ಕೋ ಕೊಡಬಹುದು. ದಿನಕ್ಕೊಂದು ಊರಿನವರಿಗೆ ಈ ಅದಲುಬದಲು ಸಾಧ್ಯವಿಲ್ಲ. ಅವರ ಪಾಲಿಗೆ ಬಂದ ದಿನ ಮೋಡವಿದ್ದರೆ ನೂರಾರು ಫ್ರಾಂಕ್ ಕೊಟ್ಟು ಏರಿ ಬಿಳಿ ಗೋಡೆಯನ್ನು ನೋಡಿ ಇಳಿಯಬೇಕಾಗುತ್ತದೆ. ಏಳು ದಿನಕ್ಕಿಂತ ಕಡಿಮೆಯ ಪ್ರವಾಸಕ್ಕೆ ಒಂದು ನೆಲೆ, ತೀರಾ ಆಸೆಯಿದ್ದರೆ ಎರಡು. ಅದಕ್ಕಿಂತ ಹೆಚ್ಚು ಬೇಡವೆನ್ನುವುದು ನನ್ನ ಖಚಿತ ಅಭಿಪ್ರಾಯ.

ಮ್ಯಾಟರ್‌ಹಾರ್ನ್ ಶಿಖರವನ್ನು ನೋಡಲೇಬೇಕು ಎನ್ನುವವರು ನೇರವಾಗಿ ಝೆರ್ಮಾಟ್‌ನಲ್ಲೇ ತಂಗಲಿ. ಇಂಟರ್‌ಲಾಕೆನ್‌ನಿಂದ ಅಲ್ಲಿಗೆ ಶ್ಪೀಟ್ಸ್ ಮತ್ತು ಫಿಸ್ಪ್ ಮಾರ್ಗವಾಗಿ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. 2007ರಲ್ಲಿ ತೆರೆದ 34.6 ಕಿಲೋಮೀಟರ್ ಉದ್ದದ ಲ್ಯೋಟ್ಶ್‌ಬರ್ಗ್ ತಳಸುರಂಗ ಬಂದ ಮೇಲೂ ಒಂದೇ ದಿನದಲ್ಲಿ ಹೋಗಿ ಬರುವುದು ದಣಿವಿನ ಕೆಲಸವೇ.

ಎರಡನೇ ಹೆಜ್ಜೆ: ತಂಗುವ ಊರು

ಈ ಪ್ರದೇಶದ ರಚನೆಯನ್ನು ಒಮ್ಮೆ ಮನಸ್ಸಿನಲ್ಲಿ ಕೂರಿಸಿಕೊಂಡರೆ ಆಯ್ಕೆ ಸುಲಭ. ಥೂನ್ ಮತ್ತು ಬ್ರಿಯೆನ್ಜ್ ಎಂಬ ಎರಡು ಸರೋವರಗಳ ನಡುವೆ ಇಂಟರ್‌ಲಾಕೆನ್ ಇದೆ. ಅಲ್ಲಿಂದ ದಕ್ಷಿಣಕ್ಕೆ ಹೊರಡುವ ರೈಲು ತ್ಸ್ವೈಲ್ಯೂಚಿನೆನ್ ಎಂಬಲ್ಲಿ ಎರಡಾಗುತ್ತದೆ. ಒಂದು ಭಾಗ ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಹತ್ತುವಾಗ ಡಬ್ಬಿಯ ಮೇಲಿನ ಫಲಕವನ್ನು ಓದಬೇಕು, ಇಲ್ಲವಾದರೆ ಬೇರೆ ಕಣಿವೆಯಲ್ಲಿ ಇಳಿಯುತ್ತೀರಿ. ಲೌಟರ್‌ಬ್ರುನೆನ್ ಕಣಿವೆಯ ಒಂದು ಗೋಡೆಯ ಮೇಲೆ ವೆಂಗೆನ್, ಎದುರು ಗೋಡೆಯ ಮೇಲೆ ಮ್ಯೂರೆನ್. ಈ ಎರಡೂ ಊರುಗಳಿಗೆ ಕಾರಿನಲ್ಲಿ ಹೋಗುವಂತಿಲ್ಲ; ರೈಲು ಅಥವಾ ಕೇಬಲ್ ಕಾರಿನಲ್ಲಿಯೇ ಹೋಗಬೇಕು. ವೆಂಗೆನ್ ಮತ್ತು ಗ್ರಿಂಡೆಲ್‌ವಾಲ್ಡ್‌ನ ರೈಲುಗಳು 2,061 ಮೀಟರ್ ಎತ್ತರದ ಕ್ಲೈನೆ ಶೈಡೆಗ್‌ನಲ್ಲಿ ಕೂಡುತ್ತವೆ. ಯುಂಗ್‌ಫ್ರೌಯೋಖ್‌ಗೆ, ಅಂದರೆ 3,454 ಮೀಟರ್ ಎತ್ತರದಲ್ಲಿರುವ ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣಕ್ಕೆ, ಐಗರ್ ಪರ್ವತದ ಒಳಗಿಂದ ಏರುವ ರೈಲು ಹೊರಡುವುದು ಅಲ್ಲಿಂದಲೇ.

ಇಂಟರ್‌ಲಾಕೆನ್ ಅನುಕೂಲದ ಊರು. ಬರ್ನ್, ಲುಸೆರ್ನ್ ಎರಡೂ ಕಡೆಯ ರೈಲುಗಳು ಇಲ್ಲಿಗೆ ನೇರ ಬರುತ್ತವೆ, ಹೋಟೆಲುಗಳ ಆಯ್ಕೆ ದೊಡ್ಡದು, ಭಾರತೀಯ ಊಟದ ಮನೆಗಳಿವೆ, ಓಸ್ಟ್ ನಿಲ್ದಾಣದ ಎದುರಿಗೇ ದೊಡ್ಡ ಕೋಪ್ ಅಂಗಡಿಯಿದೆ. ಕೊರತೆಯೆಂದರೆ, ಇದು ಪರ್ವತದ ಊರಲ್ಲ. ಬೆಳಿಗ್ಗೆ ಕಿಟಕಿ ತೆರೆದರೆ ಹಿಮಶಿಖರ ದೂರದಲ್ಲೊಂದು ತುಣುಕಾಗಿ ಕಾಣಿಸೀತು, ಅಷ್ಟೆ. ಇಲ್ಲಿ ಕೋಣೆ ಹಿಡಿಯುವವರು ವೆಸ್ಟ್, ಓಸ್ಟ್ ಎಂಬ ಎರಡು ನಿಲ್ದಾಣಗಳ ವ್ಯತ್ಯಾಸವನ್ನು ತಿಳಿದಿರಬೇಕು. ಪೇಟೆ ಇರುವುದು ವೆಸ್ಟ್ ಬಳಿ, ಪರ್ವತದ ರೈಲುಗಳು ಹೊರಡುವುದು ಓಸ್ಟ್‌ನಿಂದ. ಪ್ರತಿದಿನ ಬೆಳಿಗ್ಗೆ ಮೇಲಕ್ಕೆ ಹೋಗುವ ಯೋಜನೆ ಇದ್ದರೆ ಓಸ್ಟ್ ಸುತ್ತಲಿನ ಕೋಣೆಯೇ ವಾಸಿ.

ಲೌಟರ್‌ಬ್ರುನೆನ್ ನನ್ನ ಮಟ್ಟಿಗೆ ಸಣ್ಣ ಪ್ರವಾಸದ ಅತ್ಯುತ್ತಮ ನೆಲೆ. ಇಂಟರ್‌ಲಾಕೆನ್ ಓಸ್ಟ್‌ನಿಂದ ಇಪ್ಪತ್ತು ನಿಮಿಷ. ಊರಿನ ಮೇಲೆಯೇ ಸುಮಾರು 300 ಮೀಟರ್ ಎತ್ತರದಿಂದ ಸ್ಟೌಬಾಖ್ ಜಲಪಾತ ಬೀಳುತ್ತದೆ. ವೆಂಗೆನ್‌ಗೂ ಮ್ಯೂರೆನ್‌ಗೂ ಇಲ್ಲಿಂದಲೇ ದಾರಿ, ಮಳೆಯ ದಿನ ಕಣಿವೆಯ ತಳದಲ್ಲಿ ಸಮತಟ್ಟಾದ ದಾರಿಯಲ್ಲಿ ನಡೆಯಬಹುದು. ಕೋಣೆಗಳ ಸಂಖ್ಯೆ ಕಡಿಮೆಯಾದುದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಬಹಳ ಮುಂಚೆಯೇ ಕಾದಿರಿಸಬೇಕು. ಕಣಿವೆ ಕಿರಿದಾಗಿದ್ದು ಗೋಡೆಗಳು ಎತ್ತರವಾಗಿರುವ ಕಾರಣ ಚಳಿಗಾಲದಲ್ಲಿ ಬಿಸಿಲು ಕಡಿಮೆ ಎಂಬುದೂ ನೆನಪಿರಲಿ.

ಗ್ರಿಂಡೆಲ್‌ವಾಲ್ಡ್ ಅಗಲವಾದ, ಬಿಸಿಲಿನ, ಬಹಳ ಜನರ ಊರು. ಐಗರ್‌ನ ಉತ್ತರ ಗೋಡೆ ಎದುರಿಗೇ ನಿಂತಿರುತ್ತದೆ. ಡಿಸೆಂಬರ್ 2020ರಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಇಲ್ಲಿನ ಟರ್ಮಿನಲ್ ನಿಲ್ದಾಣದಿಂದ ಐಗರ್‌ಗ್ಲೆಚರ್‌ಗೆ ಹದಿನೈದು ನಿಮಿಷಗಳಲ್ಲಿ ಮುಟ್ಟಿಸುವುದರಿಂದ ಯುಂಗ್‌ಫ್ರೌಯೋಖ್‌ಗೆ ಇದೇ ಹತ್ತಿರದ ದಾರಿ. ವಯಸ್ಸಾದ ತಂದೆತಾಯಿಯೊಂದಿಗೆ ಬರುವವರು, ದೂರ ನಡೆಯದೆಯೇ ಹಿಮವನ್ನು ನೋಡಬೇಕೆನ್ನುವವರು ಇಲ್ಲಿ ತಂಗಬಹುದು. ಊರು ಇಳಿಜಾರಿನಲ್ಲಿ ಹರಡಿರುವುದರಿಂದ ಕೋಣೆ ನಿಲ್ದಾಣಕ್ಕಿಂತ ಎಷ್ಟು ಮೇಲಿದೆ ಎಂದು ನೋಡಿ ಕಾದಿರಿಸಿ; ಪೆಟ್ಟಿಗೆ ಎಳೆಯುತ್ತಾ ಹತ್ತು ನಿಮಿಷದ ಏರು ಎಂದರೆ ಏನೆಂದು ಮಂಡಿನೋವಿರುವವರಿಗೆ ಗೊತ್ತು.

ವೆಂಗೆನ್, ಮ್ಯೂರೆನ್ ಎರಡೂ ಸೊಗಸಾದ ಊರುಗಳು. ಅವುಗಳ ನಿಶ್ಶಬ್ದಕ್ಕೆ ಬೆಲೆ ಕೊಡುವವರಿಗೆ ಬೇರೆ ಆಯ್ಕೆ ಬೇಡ. ಆದರೆ ಅಲ್ಲಿಂದ ಪ್ರತಿ ಓಡಾಟಕ್ಕೂ ಒಂದು ರೈಲೋ ಕೇಬಲ್ ಕಾರೋ ಹೆಚ್ಚಾಗುತ್ತದೆ. ಎರಡೇ ರಾತ್ರಿಯಿದ್ದು ಎಲ್ಲಿಗೂ ಹೆಚ್ಚು ಹೋಗುವ ಉದ್ದೇಶವಿಲ್ಲದಿದ್ದರೆ ಅವು ಸರಿ.

ಕಡಿಮೆ ಬೆಲೆಯ ಕೋಣೆ ಬೇಕಾದವರು ಥೂನ್ ಅಥವಾ ಶ್ಪೀಟ್ಸ್ ಕಡೆ ಹುಡುಕಬೇಕು. ಶ್ಪೀಟ್ಸ್ ಸರೋವರದ ದಡದ ರೈಲು ಕೂಡುದಾಣ. ಬರ್ನ್, ಇಂಟರ್‌ಲಾಕೆನ್, ಝೆರ್ಮಾಟ್ ದಿಕ್ಕಿನ ಫಿಸ್ಪ್ ಮೂರೂ ಕಡೆಗೆ ಅಲ್ಲಿಂದ ನೇರ ರೈಲುಗಳಿವೆ. ಪರ್ವತಕ್ಕೆ ಹೋಗುವಾಗ ದಿನಕ್ಕೆ ಹೆಚ್ಚುವರಿ ಮುಕ್ಕಾಲು ಗಂಟೆಯಷ್ಟು ಪ್ರಯಾಣ ಸೇರುತ್ತದೆಯಾದರೂ ಮಳೆಯ ದಿನಗಳಲ್ಲಿ ಈ ಊರುಗಳೇ ಹೆಚ್ಚು ಉಪಯುಕ್ತ.

ಸಸ್ಯಾಹಾರಿಗಳಿಗೆ ಒಂದು ಮಾತು. ಹೋಟೆಲಿನ ಬದಲು ಅಡುಗೆಮನೆಯುಳ್ಳ ವಸತಿಯನ್ನು ಹಿಡಿದರೆ ಖರ್ಚು ಬಹಳಷ್ಟು ಇಳಿಯುತ್ತದೆ, ಬೆಳಿಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ ಡಬ್ಬಿಗೆ ಹಾಕಿಕೊಂಡು ಹೊರಡಬಹುದು. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ದೊಡ್ಡ ನಿಲ್ದಾಣಗಳ ಒಳಗಿನವು ಮತ್ತು ಪ್ರವಾಸಿ ಊರುಗಳ ಕೆಲವು ಮಾತ್ರ ತೆರೆದಿರುತ್ತವೆ. ಹಾಗಾಗಿ ಶನಿವಾರವೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಬೇಕು.

ಮೂರನೇ ಹೆಜ್ಜೆ: ಓಡಾಟದ ಪಟ್ಟಿ ಬರೆಯಿರಿ, ಎರಡು ಭಾಗ ಮಾಡಿ

ಒಂದು ಕಾಗದದ ಎಡಭಾಗದಲ್ಲಿ ಕಣಿವೆಯ ಸಾರಿಗೆಯನ್ನೂ ಬಲಭಾಗದಲ್ಲಿ ಪರ್ವತದ ಸಾರಿಗೆಯನ್ನೂ ಬರೆಯಿರಿ. ಪಾಸುಗಳ ಜಾಹೀರಾತಿನಲ್ಲಿ ಮಸುಕಾಗುವ ಗೆರೆ ಇದೇ. ಊರಿಂದ ಊರಿಗೆ ಹೋಗುವ ರೈಲು, ಹಳದಿ ಅಂಚೆ ಬಸ್ಸು, ಸರೋವರದ ದೋಣಿ, ನಗರದ ಟ್ರಾಮು ಇವೆಲ್ಲ ಎಡಕ್ಕೆ. ವೆಂಗೆನ್, ಮ್ಯೂರೆನ್, ಗ್ರಿಂಡೆಲ್‌ವಾಲ್ಡ್ ತನಕದ ಪ್ರಯಾಣವೂ ಎಡಭಾಗಕ್ಕೇ ಸೇರುತ್ತದೆ, ಏಕೆಂದರೆ ಅವು ಜನ ವಾಸಿಸುವ ಊರುಗಳು. ಅದಕ್ಕಿಂತ ಮೇಲಕ್ಕೆ ಹೋಗುವುದೆಲ್ಲ ಬಲಕ್ಕೆ: ಫಿರ್ಸ್ಟ್, ಮೆನ್‌ಲಿಕೆನ್, ಕ್ಲೈನೆ ಶೈಡೆಗ್, ಯುಂಗ್‌ಫ್ರೌಯೋಖ್, ಶಿಲ್ಟ್‌ಹಾರ್ನ್, ಶಿನಿಗೆ ಪ್ಲಾಟೆ. ಎಡಭಾಗದಲ್ಲಿ ಪಾಸ್ ಪೂರ್ತಿ ನಡೆಯುತ್ತದೆ, ಬಲಭಾಗದಲ್ಲಿ ಸಾಮಾನ್ಯವಾಗಿ ರಿಯಾಯಿತಿ ಮಾತ್ರ ಸಿಗುತ್ತದೆ. ಖರ್ಚಿನ ದೊಡ್ಡ ಪಾಲು ಇರುವುದು ಬಲಭಾಗದಲ್ಲಿ.

ಬಲಭಾಗದ ಪಟ್ಟಿ ಬೆಳೆಯದಂತೆ ನೋಡಿಕೊಳ್ಳಿ. ಒಂದು ದುಬಾರಿ ಶಿಖರ, ಒಂದು ಮಧ್ಯಮ ಬೆಟ್ಟ ನಾಲ್ಕೈದು ದಿನಕ್ಕೆ ಸಾಕು. ಯುಂಗ್‌ಫ್ರೌಯೋಖ್‌ಗೆ ಬೇಸಿಗೆಯಲ್ಲಿ ಇಂಟರ್‌ಲಾಕೆನ್‌ನಿಂದ ಹೋಗಿಬರುವ ಪೂರ್ಣ ದರ 200 ಫ್ರಾಂಕ್ ದಾಟುತ್ತದೆ. 1912ರಲ್ಲಿ ಕಲ್ಲಿನ ಹೊಟ್ಟೆಯನ್ನು ಕೊರೆದು ಪೂರ್ತಿಗೊಳಿಸಿದ ಆ ದಾರಿಯ ಸಾಹಸ ದೊಡ್ಡದು, ಮೇಲಿಂದ ಕಾಣುವ ಅಲೆಚ್ ಹಿಮನದಿ ಆಲ್ಪ್ಸ್‌ನಲ್ಲೇ ಉದ್ದವಾದುದು. ಆದರೆ ಹಿಮದ ಗುಹೆ, ಜನಸಂದಣಿ, ತೆಳುಗಾಳಿಯ ತಲೆಸುತ್ತು ಇವುಗಳ ನಡುವೆ ಕಳೆಯುವ ಆ ದಿನ ಎಲ್ಲರಿಗೂ ಹಿಡಿಸುವುದಿಲ್ಲ. ಮೆನ್‌ಲಿಕೆನ್‌ನಿಂದ ಕ್ಲೈನೆ ಶೈಡೆಗ್ ತನಕ ಸುಮಾರು ಒಂದೂವರೆ ಗಂಟೆಯ, ಬಹುಪಾಲು ಇಳಿಜಾರಿನ ಕಾಲುದಾರಿಯಲ್ಲಿ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರಗಳನ್ನು ಎದುರಿಗಿಟ್ಟುಕೊಂಡು ನಡೆಯುವುದು ಅದಕ್ಕಿಂತ ಬಹಳ ಅಗ್ಗ, ಮತ್ತು ನನ್ನ ರುಚಿಗೆ ಅದಕ್ಕಿಂತ ಮೇಲು. ಫಿರ್ಸ್ಟ್‌ನಿಂದ ಬಾಖ್‌ಆಲ್ಪ್‌ಸೇ ಕೊಳಕ್ಕೆ ಹೋಗುವ ಸುಮಾರು ಒಂದು ಗಂಟೆಯ ದಾರಿಯೂ ಹಾಗೆಯೇ.

ವಿಲ್ಡರ್ಸ್‌ವಿಲ್‌ನಿಂದ ಶಿನಿಗೆ ಪ್ಲಾಟೆಗೆ ಏರುವ 1893ರ ರೈಲು ಹಳೆಯ ಯಂತ್ರಗಳ ಮೇಲೆ ಪ್ರೀತಿಯಿರುವವರಿಗೆ ತಕ್ಕುದು. ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಏರುವ ಈ ಬಗೆಯ ರೈಲು ನಮಗೆ ಅಪರಿಚಿತವಲ್ಲ. ಮೆಟ್ಟುಪಾಳ್ಯಂನಿಂದ ಊಟಿಯ ಕಡೆಗೆ ಏರುವ ದಾರಿಯಲ್ಲಿಯೂ ಹಲ್ಲುಪಟ್ಟಿಯಿದೆ, ಅಲ್ಲಿನ ಹಳೆಯ ಉಗಿಬಂಡಿಗಳು ಬಂದದ್ದು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯಿಂದ. ಶಿನಿಗೆ ಪ್ಲಾಟೆ ರೈಲು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಓಡುತ್ತದೆ. ಏಪ್ರಿಲ್–ಮೇ ಹಾಗೂ ನವೆಂಬರ್‌ನಲ್ಲಿ ಹಲವು ಕೇಬಲ್ ಕಾರುಗಳು ದುರಸ್ತಿಗಾಗಿ ನಿಲ್ಲುವುದುಂಟು. ಪಟ್ಟಿಯ ಬಲಭಾಗದ ಪ್ರತಿಯೊಂದರ ಎದುರೂ ಅದು ನಿಮ್ಮ ದಿನಾಂಕದಲ್ಲಿ ನಡೆಯುತ್ತದೆಯೇ ಎಂದು ಆಯಾ ಸಂಸ್ಥೆಯ ಜಾಲತಾಣದಲ್ಲಿ ನೋಡಿ ಗುರುತು ಹಾಕಿ.

ನಾಲ್ಕನೇ ಹೆಜ್ಜೆ: ಪಾಸುಗಳ ಪರಿಚಯ

ಸ್ವಿಸ್ ಟ್ರಾವೆಲ್ ಪಾಸ್ ಸ್ವಿಟ್ಜರ್‌ಲೆಂಡ್ ಮತ್ತು ಲೀಕ್ಟನ್‌ಸ್ಟೈನ್‌ನ ಹೊರಗೆ ವಾಸಿಸುವವರಿಗೆ ಮಾತ್ರ. ಸತತ 3, 4, 6, 8 ಅಥವಾ 15 ದಿನಗಳಿಗೆ ಸಿಗುತ್ತದೆ. ಬೆಲೆ ಕ್ರಮವಾಗಿ 244, 295, 379, 419 ಮತ್ತು 459 ಫ್ರಾಂಕ್. ಒಂದು ತಿಂಗಳ ಒಳಗೆ ಬೇಕಾದ ದಿನಗಳನ್ನು ಆರಿಸಿಕೊಳ್ಳುವ ಫ್ಲೆಕ್ಸ್ ಎಂಬ ಬಗೆಯೂ ಇದೆ, ಬೆಲೆ ಸ್ವಲ್ಪ ಹೆಚ್ಚು. ಎಡಭಾಗದ ಸಾರಿಗೆ ಪೂರ್ತಿ, ಐನೂರಕ್ಕೂ ಹೆಚ್ಚು ವಸ್ತುಸಂಗ್ರಹಾಲಯಗಳ ಪ್ರವೇಶ, ಜೊತೆಗೆ ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೂಸ್ ಬೆಟ್ಟಗಳು ಇದರಲ್ಲೇ ಸೇರಿವೆ. ಉಳಿದ ಪರ್ವತಗಳಿಗೆ ಹೆಚ್ಚಾಗಿ ಅರ್ಧ ದರ. ಯುಂಗ್‌ಫ್ರೌಯೋಖ್‌ಗೆ ಮಾತ್ರ ವೆಂಗೆನ್ ಅಥವಾ ಗ್ರಿಂಡೆಲ್‌ವಾಲ್ಡ್‌ನಿಂದ ಮುಂದಕ್ಕೆ ಶೇಕಡಾ 25ರಷ್ಟು ರಿಯಾಯಿತಿ. ದಿನವೆಂದರೆ ಇಲ್ಲಿ ಕ್ಯಾಲೆಂಡರಿನ ದಿನ, ಇಪ್ಪತ್ನಾಲ್ಕು ಗಂಟೆಯಲ್ಲ. ಸಂಜೆ ಆರಕ್ಕೆ ವಿಮಾನ ಇಳಿದು ಪಾಸನ್ನು ಶುರು ಮಾಡಿದರೆ ಒಂದು ದಿನ ಹೋದಂತೆಯೇ.

ಹಾಫ್ ಫೇರ್ ಕಾರ್ಡ್ 150 ಫ್ರಾಂಕ್, ಒಂದು ತಿಂಗಳು ನಡೆಯುತ್ತದೆ. ಇದು ಪಾಸ್ ಅಲ್ಲ, ಪ್ರತಿ ಟಿಕೆಟ್ಟನ್ನೂ ಕೊಳ್ಳಲೇಬೇಕು, ಆದರೆ ಬಹುತೇಕ ಎಲ್ಲವೂ ಅರ್ಧ ಬೆಲೆಗೆ ಸಿಗುತ್ತದೆ. ಯುಂಗ್‌ಫ್ರೌಯೋಖ್ ಕೂಡ ಅರ್ಧ ಬೆಲೆಗೇ. ಟ್ರಾವೆಲ್ ಪಾಸ್‌ಗಿಂತ ಇದು ಮೇಲಾಗುವುದು ಈ ಕಾರಣದಿಂದ.

ಪ್ರಾದೇಶಿಕ ಪಾಸುಗಳಲ್ಲಿ ಯುಂಗ್‌ಫ್ರೌ ಟ್ರಾವೆಲ್ ಪಾಸ್ ಇಂಟರ್‌ಲಾಕೆನ್‌ನಿಂದ ಮೇಲಿನ ಬೆಟ್ಟಗಳಿಗೆ ಸೀಮಿತ. ಫಿರ್ಸ್ಟ್, ಹಾರ್ಡರ್ ಕುಲ್ಮ್, ಶಿನಿಗೆ ಪ್ಲಾಟೆ, ಕ್ಲೈನೆ ಶೈಡೆಗ್ ಇದರಲ್ಲಿ ಸೇರುತ್ತವೆ. ಯುಂಗ್‌ಫ್ರೌಯೋಖ್‌ಗೆ ಕೊನೆಯ ಹಂತದ ಟಿಕೆಟನ್ನು ಬೇರೆಯಾಗಿ, ಕಡಿಮೆ ದರದಲ್ಲಿ ಕೊಳ್ಳಬೇಕು. ಬರ್ನೀಸ್ ಓಬರ್‌ಲ್ಯಾಂಡ್ ಪಾಸ್ ಇದಕ್ಕಿಂತ ಅಗಲ, ಬರ್ನ್ ಮತ್ತು ಥೂನ್ ಕಡೆಗೂ ಚಾಚುತ್ತದೆ. ಪ್ರತಿದಿನವೂ ಒಂದು ಬೆಟ್ಟ ಹತ್ತುವವರಿಗೆ ಇವು ಲಾಭದಾಯಕ. ಎರಡು ದಿನ ಮಳೆ ಹಿಡಿದರೆ ಲಾಭವೆಲ್ಲ ಕರಗುತ್ತದೆ, ಆದ್ದರಿಂದ ಹವಾಮಾನ ನೋಡಿ ಅಲ್ಲಿಗೆ ಹೋದ ಮೇಲೆ ಕೊಂಡರೂ ನಡೆಯುತ್ತದೆ. ಲುಸೆರ್ನ್‌ನಲ್ಲಿ ತಂಗುವವರಿಗೆ ಇಂಥದೇ ಟೆಲ್ ಪಾಸ್ ಇದೆ. ಪಿಲಾಟುಸ್, ಟಿಟ್ಲಿಸ್, ರಿಗಿ ಮೂರೂ ಅದರಲ್ಲಿ ಸೇರಿರುವುದರಿಂದ ಆ ಊರಿಗೆ ಅದನ್ನು ಮೊದಲು ಪರಿಶೀಲಿಸಬೇಕು.

ಯೂರೇಲ್ ಪಾಸನ್ನು ಈ ಪ್ರದೇಶಕ್ಕಾಗಿಯೇ ಕೊಳ್ಳುವುದು ಬೇಡ. ಹಲವು ದೇಶಗಳ ಪ್ರವಾಸದ ನಡುವೆ ಇಲ್ಲಿಗೆ ಬಂದವರು ಇಂಟರ್‌ಲಾಕೆನ್ ತನಕ ಅದನ್ನು ಬಳಸಬಹುದು; ಮೇಲಿನ ಕಣಿವೆಯ ರೈಲುಗಳಲ್ಲಿ ಅದಕ್ಕೆ ಸಿಗುವುದು ರಿಯಾಯಿತಿ ಮಾತ್ರ.

ಪಾಸುಗಳ ಚರ್ಚೆಯಲ್ಲಿ ಮರೆತುಹೋಗುವ ಇನ್ನೊಂದು ವಸ್ತು ಸೇವರ್ ಡೇ ಪಾಸ್. ಒಂದು ದಿನ ದೇಶದಲ್ಲೆಲ್ಲ ತಿರುಗಬಹುದಾದ ಈ ಟಿಕೆಟ್ ಆರು ತಿಂಗಳು ಮುಂಚಿನಿಂದ ಮಾರಾಟಕ್ಕಿರುತ್ತದೆ. ಆರಂಭದ ಬೆಲೆ 52 ಫ್ರಾಂಕ್, ಹಾಫ್ ಫೇರ್ ಕಾರ್ಡ್ ಇದ್ದವರಿಗೆ 29. ಅಗ್ಗದವು ಖಾಲಿಯಾದಂತೆ ಬೆಲೆ ಏರುತ್ತದೆ. ಸೂಪರ್‌ಸೇವರ್ ಟಿಕೆಟ್ ಇದಕ್ಕಿಂತ ಭಿನ್ನ. ಅದು ನಿಗದಿಯಾದ ರೈಲಿಗೆ ಕಟ್ಟುಬಿದ್ದಿರುತ್ತದೆ, ಆದ ಕಾರಣ ವಿಮಾನ ಇಳಿಯುವ ದಿನಕ್ಕೆ ಅದನ್ನು ಕೊಳ್ಳಬಾರದು.

ಐದನೇ ಹೆಜ್ಜೆ: ಕೂಡಿಸಿ ನೋಡಿ

ಲೆಕ್ಕದ ದಾರಿ ತೋರಿಸಲು ದರಗಳನ್ನು ಅಂದಾಜಿನಲ್ಲಿ ದುಂಡಾಗಿಸಿದ್ದೇನೆ. ಲೌಟರ್‌ಬ್ರುನೆನ್‌ನಲ್ಲಿ ನಾಲ್ಕು ರಾತ್ರಿ, ಓಡಾಟದ ದಿನಗಳು ಐದು ಎಂದುಕೊಳ್ಳಿ. ಜ್ಯೂರಿಕ್ ವಿಮಾನ ನಿಲ್ದಾಣದಿಂದ ಹೋಗಿಬರಲು 170, ಗ್ರಿಂಡೆಲ್‌ವಾಲ್ಡ್‌ಗೆ ಹೋಗಿಬರಲು 25, ಮ್ಯೂರೆನ್‌ಗೆ 25, ಬ್ರಿಯೆನ್ಜ್ ಸರೋವರದ ದೋಣಿ ಮತ್ತು ಅದರ ರೈಲು ಸೇರಿ 45. ಎಡಭಾಗದ ಮೊತ್ತ 265 ಫ್ರಾಂಕ್. ಬಲಭಾಗದಲ್ಲಿ ಫಿರ್ಸ್ಟ್ 70, ಯುಂಗ್‌ಫ್ರೌಯೋಖ್ 225. ಯಾವ ಪಾಸೂ ಇಲ್ಲದೆ ಒಟ್ಟು 560.

ಹಾಫ್ ಫೇರ್ ಕಾರ್ಡ್ ಇದ್ದರೆ 560ರ ಅರ್ಧ 280, ಕಾರ್ಡಿನ 150 ಸೇರಿ 430. ಟ್ರಾವೆಲ್ ಪಾಸಿನಲ್ಲಿ ಐದು ದಿನದ್ದು ಇಲ್ಲದ ಕಾರಣ ಆರು ದಿನದ್ದನ್ನೇ ಕೊಳ್ಳಬೇಕು, 379, ಫಿರ್ಸ್ಟ್‌ಗೆ ಅರ್ಧದಂತೆ 35, ಯುಂಗ್‌ಫ್ರೌಯೋಖ್‌ಗೆ ವೆಂಗೆನ್‌ನಿಂದ ಮೇಲಕ್ಕೆ ರಿಯಾಯಿತಿ ಕಳೆದು ಸುಮಾರು 155, ಒಟ್ಟು 569. ಎಲ್ಲವೂ ಸೇರಿದೆಯೆಂದು ಕೊಂಡ ಪಾಸ್ ಬಿಡಿ ಟಿಕೆಟ್‌ಗಳಿಗಿಂತ ದುಬಾರಿಯಾಯಿತು.

ಯುಂಗ್‌ಫ್ರೌಯೋಖ್ ಅನ್ನು ಪಟ್ಟಿಯಿಂದ ತೆಗೆದರೆ ಬಿಡಿ ಟಿಕೆಟ್ 335, ಹಾಫ್ ಫೇರ್‌ನಲ್ಲಿ ಸುಮಾರು 318, ಟ್ರಾವೆಲ್ ಪಾಸ್‌ನಲ್ಲಿ 414. ಫಿರ್ಸ್ಟ್ ಕೂಡ ಬೇಡವೆಂದರೆ ಬಿಡಿ ಟಿಕೆಟ್ 265ಕ್ಕೆ ಮುಗಿಯುತ್ತದೆ, ಹಾಫ್ ಫೇರ್ ಕಾರ್ಡೇ ನಷ್ಟದ ವ್ಯಾಪಾರ. ಕಾರ್ಡಿನ ಬೆಲೆ 150 ಆದುದರಿಂದ ಪೂರ್ಣ ದರಗಳ ಮೊತ್ತ 300 ದಾಟಿದಾಗ ಮಾತ್ರ ಅದರಿಂದ ಉಳಿತಾಯ ಶುರು.

ಹಾಗಾದರೆ ಟ್ರಾವೆಲ್ ಪಾಸ್ ಗೆಲ್ಲುವುದು ಯಾವಾಗ? ಪಟ್ಟಿಯಲ್ಲಿ ಎಡಭಾಗವೇ ತುಂಬಿದ್ದಾಗ. ಕೇವಲ ಎಡಭಾಗದ ಓಡಾಟವಿರುವ ಮೂರು ಅಥವಾ ನಾಲ್ಕು ದಿನದ ಪ್ರವಾಸದಲ್ಲಿ ಹಾಫ್ ಫೇರ್ ಕಾರ್ಡಿಗೆ ಜಾಗವೇ ಇಲ್ಲ. ನಾಲ್ಕು ದಿನಕ್ಕೆ ಮೊತ್ತ 295ಕ್ಕಿಂತ ಕಡಿಮೆಯಿದ್ದರೆ ಬಿಡಿ ಟಿಕೆಟ್, ಹೆಚ್ಚಿದ್ದರೆ ಟ್ರಾವೆಲ್ ಪಾಸ್. ಆರು ದಿನಕ್ಕೆ ಚಿತ್ರ ಬದಲಾಗುತ್ತದೆ: 300ರಿಂದ ಸುಮಾರು 458ರ ತನಕ ಹಾಫ್ ಫೇರ್, ಅದರಾಚೆ ಟ್ರಾವೆಲ್ ಪಾಸ್. ಎಂಟು ದಿನಕ್ಕೆ ಆ ಮೇಲ್ಗಡಿ 538. ಲುಸೆರ್ನ್‌ನಿಂದ ದೋಣಿಯಲ್ಲಿ ಫಿಟ್ಸ್‌ನೌಗೆ ಹೋಗಿ, 1871ರಲ್ಲಿ ಆರಂಭವಾದ ರೈಲಿನಲ್ಲಿ ರಿಗಿ ಏರಿ, ಮರುದಿನ ಇಂಟರ್‌ಲಾಕೆನ್, ಆಮೇಲೆ ಮೊಂಟ್ರೋ, ಕೊನೆಗೆ ಜಿನೀವಾದಿಂದ ವಿಮಾನ ಎಂಬ ಕಾರ್ಯಕ್ರಮಕ್ಕೆ ಟ್ರಾವೆಲ್ ಪಾಸೇ ಸರಿ. ಪ್ರತಿ ಸಲ ಟಿಕೆಟ್ ಕೊಳ್ಳುವ ತಲೆನೋವಿಲ್ಲದೆ ಯಾವ ರೈಲನ್ನಾದರೂ ಹತ್ತುವ ನೆಮ್ಮದಿಗೆ ಮೂವತ್ತು ನಲವತ್ತು ಫ್ರಾಂಕ್ ಹೆಚ್ಚು ಕೊಡಲು ಒಪ್ಪುವವರನ್ನೂ ನಾನು ತಪ್ಪೆನ್ನುವುದಿಲ್ಲ. ನೂರು ನೂರೈವತ್ತು ಫ್ರಾಂಕ್‌ನ ಅಂತರವಾದರೆ ಮಾತು ಬೇರೆ.

ಮೊದಲ ಮತ್ತು ಕೊನೆಯ ದಿನದ ದೂರದ ಪ್ರಯಾಣಕ್ಕೆ ಹಾಫ್ ಫೇರ್ ಕಾರ್ಡ್ ಜೊತೆ ಸೇವರ್ ಡೇ ಪಾಸ್ ಮುಂಚಿತವಾಗಿ 29ಕ್ಕೆ ಸಿಕ್ಕಿದರೆ ಮೇಲಿನ 430 ಇನ್ನೂ ಇಪ್ಪತ್ತೈದರಷ್ಟು ಇಳಿಯುತ್ತದೆ. ಸರಿಯಾದ ದರಗಳಿಗೆ ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್‌ನಲ್ಲಿ ಪ್ರಯಾಣಿಕರ ವಿವರದಡಿ ರಿಯಾಯಿತಿ ಕಾರ್ಡ್ ಇದೆ, ಇಲ್ಲ ಎಂದು ಬದಲಾಯಿಸಿ ಎರಡೂ ಬಗೆಯಲ್ಲಿ ನೋಡಬಹುದು. ಪಟ್ಟಿಯ ಎಲ್ಲ ಸಾಲುಗಳಿಗೂ ಹೀಗೆ ದರ ತುಂಬಲು ಅರ್ಧ ಗಂಟೆ ಸಾಕು.

ಮಕ್ಕಳಿರುವ ಕುಟುಂಬಗಳು ಸ್ವಿಸ್ ಫ್ಯಾಮಿಲಿ ಕಾರ್ಡನ್ನು ಕೇಳಿ ಪಡೆಯಬೇಕು. ತಂದೆ ಅಥವಾ ತಾಯಿಯ ಬಳಿ ಟ್ರಾವೆಲ್ ಪಾಸ್ ಇಲ್ಲವೇ ಹಾಫ್ ಫೇರ್ ಕಾರ್ಡ್ ಇದ್ದರೆ 6ರಿಂದ 15 ವರ್ಷದ ಮಕ್ಕಳಿಗೆ ಅದು ಉಚಿತ, ಅವರ ಪ್ರಯಾಣವೂ ಉಚಿತ. 6 ತುಂಬದವರಿಗೆ ಯಾವುದೂ ಬೇಡ. ಇಬ್ಬರು ಮಕ್ಕಳಿದ್ದರೆ ಇದೊಂದರಿಂದಲೇ ಕಾರ್ಡಿನ ಹಣ ಹಿಂದಿರುಗುತ್ತದೆ, ಆದ ಕಾರಣ ಮೇಲೆ ಹೇಳಿದ 300ರ ಗಡಿ ಕುಟುಂಬಗಳಿಗೆ ಕೆಳಗಿಳಿಯುತ್ತದೆ. 25 ತುಂಬದ ಯುವಕರಿಗೆ ಟ್ರಾವೆಲ್ ಪಾಸಿನಲ್ಲಿ ಶೇಕಡಾ 30ರಷ್ಟು ಕಡಿತವಿದೆ.

ಜರ್ಮನಿಯಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಕನ್ನಡಿಗರು ವಾರಾಂತ್ಯಕ್ಕೆ ಒಂದೆರಡು ದಿನ ಸೇರಿಸಿ ಹೊರಡುವುದು ಹೆಚ್ಚು. ಡಾಯ್ಚ್‌ಲಾಂಡ್ ಟಿಕೆಟ್ ಬಾಸೆಲ್ ನಗರದ ಬಾಡಿಶರ್ ನಿಲ್ದಾಣದ ತನಕ ನಡೆಯುತ್ತದೆ. ಅಲ್ಲಿಂದ ಮುಂದಕ್ಕೆ ಸೇವರ್ ಡೇ ಪಾಸ್ ಹಿಡಿದರೆ ದೂರದ ಖರ್ಚು ಬಹಳ ತಗ್ಗುತ್ತದೆ. ನೀವು ಸ್ವಿಟ್ಜರ್‌ಲೆಂಡಿನ ನಿವಾಸಿಗಳಲ್ಲದ ಕಾರಣ ಪ್ರವಾಸಿಗರ ಪಾಸುಗಳೂ ನಿಮಗೆ ಸಿಗುತ್ತವೆ.

ಆರನೇ ಹೆಜ್ಜೆ: ಕೊಳ್ಳುವ ಹೊತ್ತು ಮತ್ತು ಅಲ್ಲಿಯ ಬಳಕೆ

ಕೋಣೆಯನ್ನು ಮೊದಲು ಕಾದಿರಿಸಿ, ರದ್ದು ಮಾಡಲು ಅವಕಾಶವಿರುವ ದರದಲ್ಲಿ. ವೀಸಾ ಅರ್ಜಿಗೂ ಅದು ಬೇಕಾಗುತ್ತದೆ. ಟ್ರಾವೆಲ್ ಪಾಸ್ ಮತ್ತು ಹಾಫ್ ಫೇರ್ ಕಾರ್ಡನ್ನು ವೀಸಾ ಕೈಗೆ ಬಂದ ಮೇಲೆ ಕೊಂಡರೆ ನಷ್ಟವಿಲ್ಲ, ಅವುಗಳ ಬೆಲೆ ದಿನದಿಂದ ದಿನಕ್ಕೆ ಏರುವುದಿಲ್ಲ. ಸೇವರ್ ಡೇ ಪಾಸ್ ಮಾತ್ರ ಬೇಗ ಕೊಂಡಷ್ಟೂ ಅಗ್ಗ. ಸಾಮಾನ್ಯ ರೈಲುಗಳಲ್ಲಿ ಆಸನ ಕಾದಿರಿಸುವ ಅಗತ್ಯವೇ ಇಲ್ಲ. ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್‌ನಂಥ ರೈಲುಗಳಿಗೆ ಪಾಸ್ ಇದ್ದರೂ ಬೇರೆ ಹಣ ಕೊಟ್ಟು ಆಸನ ಕಾದಿರಿಸಬೇಕು. ಯುಂಗ್‌ಫ್ರೌಯೋಖ್‌ಗೆ ಬೇಸಿಗೆಯಲ್ಲಿ ಹೋಗುವವರೂ ಆಸನ ಕಾದಿರಿಸುವುದು ಒಳಿತು, ಆದರೆ ಹಿಂದಿನ ಸಂಜೆ ಹವಾಮಾನ ನೋಡಿದ ಮೇಲೆ.

ಹವಾಮಾನಕ್ಕೆ ಮೆಟಿಯೋಸ್ವಿಸ್ ಆ್ಯಪ್ ನೋಡಿ, ಅದಕ್ಕಿಂತ ಹೆಚ್ಚಾಗಿ ಬೆಳಿಗ್ಗೆ ಎದ್ದೊಡನೆ ಶಿಖರಗಳ ನೇರ ಕ್ಯಾಮೆರಾ ಚಿತ್ರಗಳನ್ನು ನೋಡಿ. ಕಣಿವೆಯಲ್ಲಿ ಮಂಜು ತುಂಬಿರುವಾಗಲೇ ಮೇಲೆ ಬಿಸಿಲಿರುವುದುಂಟು, ಅದಕ್ಕೆ ತದ್ವಿರುದ್ಧವೂ ಉಂಟು. ಹೋಟೆಲಿನ ಕಿಟಕಿಯನ್ನು ನಂಬಿ ಟಿಕೆಟ್ ಕೊಳ್ಳಬೇಡಿ. ಮೋಡಗಳು ಮಧ್ಯಾಹ್ನದ ಮೇಲೆ ಕೂಡಿಕೊಳ್ಳುವುದು ಬೇಸಿಗೆಯ ರೂಢಿ, ಆದ್ದರಿಂದ ಎತ್ತರದ ಶಿಖರಕ್ಕೆ ಮುಂಜಾನೆಯ ರೈಲೇ ಸರಿ.

ಕೋಣೆಗೆ ಹೋದ ಕೂಡಲೇ ಅತಿಥಿ ಕಾರ್ಡನ್ನು ಕೇಳಿ ಪಡೆಯಿರಿ. ಇಂಟರ್‌ಲಾಕೆನ್, ಗ್ರಿಂಡೆಲ್‌ವಾಲ್ಡ್, ಲುಸೆರ್ನ್, ಬರ್ನ್ ಎಲ್ಲ ಕಡೆಯೂ ರಾತ್ರಿ ತಂಗುವವರಿಗೆ ಸ್ಥಳೀಯ ಬಸ್ಸು ಅಥವಾ ನಗರ ಸಾರಿಗೆ ಈ ಕಾರ್ಡಿನಿಂದ ಉಚಿತವಾಗುತ್ತದೆ. ಪಾಸಿನಲ್ಲಿ ನಿಮ್ಮ ಹೆಸರಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಬೇಕು, ಪರೀಕ್ಷಕರು ಕೇಳುತ್ತಾರೆ. ಐದಾರು ನಿಮಿಷದ ರೈಲು ಬದಲಾವಣೆ ಕಂಡು ಗಾಬರಿಯಾಗಬೇಡಿ. ಅಲ್ಲಿನ ವೇಳಾಪಟ್ಟಿಯನ್ನೇ ಒಂದು ರೈಲು ಇನ್ನೊಂದಕ್ಕೆ ಕೂಡುವಂತೆ ಕಟ್ಟಲಾಗಿದೆ, ತಪ್ಪಿದರೂ ಮುಂದಿನದು ಹೆಚ್ಚಾಗಿ ಅರ್ಧ ಅಥವಾ ಒಂದು ಗಂಟೆಯೊಳಗೆ ಇರುತ್ತದೆ.

ಕೊನೆಯ ದಿನದ ವಿಮಾನದ ಸಮಯವನ್ನು ಕಾರ್ಯಕ್ರಮ ಬರೆಯುವಾಗಲೇ ನೋಡಿಕೊಳ್ಳಬೇಕು. ಇಂಟರ್‌ಲಾಕೆನ್ ಓಸ್ಟ್‌ನಿಂದ ಜ್ಯೂರಿಕ್ ವಿಮಾನ ನಿಲ್ದಾಣಕ್ಕೆ ಎರಡೂಕಾಲು ಗಂಟೆಯಷ್ಟು ಹಿಡಿಯುತ್ತದೆ, ಲೌಟರ್‌ಬ್ರುನೆನ್ ಅಥವಾ ಗ್ರಿಂಡೆಲ್‌ವಾಲ್ಡ್‌ನಿಂದಾದರೆ ಮೂರು ಗಂಟೆ ಇಟ್ಟುಕೊಳ್ಳಿ. ಮಧ್ಯಾಹ್ನದ ವಿಮಾನಕ್ಕೆ ಕಣಿವೆಯಿಂದಲೇ ನಿಶ್ಚಿಂತೆಯಾಗಿ ಹೊರಡಬಹುದು. ಬೆಳಿಗ್ಗೆ ಹತ್ತು ಗಂಟೆಗೆ ಮುಂಚಿನದಾದರೆ ಕೊನೆಯ ರಾತ್ರಿಯನ್ನು ಜ್ಯೂರಿಕ್ ಸುತ್ತಮುತ್ತ ಕಳೆಯುವುದು ಕ್ಷೇಮ. ಹಾಗೆ ಮಾಡಿದಾಗ ದೂರದ ಪ್ರಯಾಣ ಹಿಂದಿನ ದಿನಕ್ಕೇ ಮುಗಿದು, ವಿಮಾನದ ದಿನಕ್ಕೆ ನಗರದ ಹತ್ತಾರು ನಿಮಿಷದ ರೈಲು ಮಾತ್ರ ಉಳಿಯುತ್ತದೆ. ಪಾಸಿನಲ್ಲಿ ಆ ದಿನವನ್ನು ಎಣಿಸದೆ ಒಂದು ಬಿಡಿ ಟಿಕೆಟ್ ಕೊಂಡರೆ ಸಾಕು.